ದೇವರ ನ್ಯಾಯತೀರ್ಪು: ಕ್ರೈಸ್ತ ನಂಬಿಕೆಯಲ್ಲಿ ಸುವಾರ್ತೆಯಾಗಿ

ದೇವರು ಲೋಕಕ್ಕೆ ನ್ಯಾಯತೀರಿಸುವನು ಎಂಬುದು ಕ್ರೈಸ್ತ ಧರ್ಮದ ಮೂಲ ನಂಬಿಕೆಗಳಲ್ಲಿ ಒಂದು. 325ರಲ್ಲಿ ನೈಸೀಯದಲ್ಲಿ ರೂಪುಗೊಂಡು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿಸ್ತಾರಗೊಂಡ ವಿಶ್ವಾಸಪ್ರಮಾಣವು ಕ್ರಿಸ್ತನ ಜನನ, ಶಿಲುಬೆಯ ಮರಣ, ಪುನರುತ್ಥಾನಗಳ ಸಾಲಿನಲ್ಲೇ ಅವನು ನ್ಯಾಯಾಧಿಪತಿಯಾಗಿ ಮರಳಿ ಬರುವ ಸಂಗತಿಯನ್ನೂ ಹೇಳುತ್ತದೆ. ಸಭೆ ಇದನ್ನು ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು, ಸ್ತುತಿಯ ಭಾಗವಾಗಿ ಒಪ್ಪಿ ನುಡಿಯುತ್ತದೆ. ಆರಾಧನೆಯ ಹೊರಗಿನ ಮಾತು ಬೇರೆ. ಭಿತ್ತಿಚಿತ್ರಗಳಲ್ಲಿ, ಬೀದಿಯ ಪ್ರಸಂಗಗಳಲ್ಲಿ, ಮಕ್ಕಳನ್ನು ಹೆದರಿಸುವ ಮಾತುಗಳಲ್ಲಿ ನ್ಯಾಯತೀರ್ಪಿನ ದಿನವೆಂದರೆ ಬೆಂಕಿ, ಗಂಧಕ, ನಡುಕ.

ಹಾಗಿರುವಾಗ ತೀರ್ಪಿನ ಸುದ್ದಿ ನಂಬುವವರಿಗೆ ಒಳ್ಳೆಯ ಸುದ್ದಿ ಹೇಗಾದೀತು ಎಂಬ ಪ್ರಶ್ನೆ ಕ್ರೈಸ್ತ ದೇವಶಾಸ್ತ್ರದಲ್ಲಿ ಮತ್ತೆಮತ್ತೆ ಎದ್ದಿದೆ. ಸಿಕ್ಕಿರುವ ಉತ್ತರಗಳಲ್ಲಿ ಗಟ್ಟಿಯಾದವು ಎರಡು. ಅನ್ಯಾಯಕ್ಕೆ ಒಳಗಾದವರ ದೂರನ್ನು ಕೇಳುವವನೊಬ್ಬ ಇದ್ದಾನೆ ಎಂಬುದು ಒಂದು. ಆ ನ್ಯಾಯಾಧಿಪತಿ ತಾನೇ ಆರೋಪಿಯ ಕಟಕಟೆಯಲ್ಲಿ ನಿಂತು ಬಂದವನು ಎಂಬುದು ಇನ್ನೊಂದು. ಒಂದನ್ನು ಬಿಟ್ಟು ಇನ್ನೊಂದನ್ನಷ್ಟೇ ಹಿಡಿದಾಗಲೆಲ್ಲ ಈ ಸಿದ್ಧಾಂತ ಕೆಟ್ಟಿದೆ. ಮೊದಲನೆಯದು ಒಂಟಿಯಾದರೆ ಸೇಡಿನ ಹಂಬಲಕ್ಕೆ ಇಳಿಯುತ್ತದೆ. ಎರಡನೆಯದು ಒಂಟಿಯಾದರೆ ತಪ್ಪು ಮಾಡಿದವರಿಗೆ ಸಮಾಧಾನ ಹೇಳುತ್ತಾ ಪೀಡಿತರನ್ನು ಮರೆತುಬಿಡುತ್ತದೆ.

ಹೀಬ್ರೂ ಬೈಬಲಿನಲ್ಲಿ

ಹಳೆಯ ಒಡಂಬಡಿಕೆಯಲ್ಲಿ ನ್ಯಾಯತೀರಿಸುವವರು ಹೆಚ್ಚಾಗಿ ಬಿಡುಗಡೆ ಮಾಡುವವರೇ. ನ್ಯಾಯಸ್ಥಾಪಕರ ಕಾಲದ ದೆಬೋರಳು ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿ, ರಾಮಾ ಮತ್ತು ಬೇತೇಲ್ ಊರುಗಳ ನಡುವೆ, ಖರ್ಜೂರದ ಮರದ ಕೆಳಗೆ ಕೂರುತ್ತಿದ್ದಳು. ಜನ ತಮ್ಮ ವ್ಯಾಜ್ಯಗಳನ್ನು ಅಲ್ಲಿಗೆ ಒಯ್ಯುತ್ತಿದ್ದರು. ಕಾನಾನ್ಯರ ದಬ್ಬಾಳಿಕೆಯಿಂದ ಅವರನ್ನು ಬಿಡಿಸಲು ದಂಡು ಕೂಡಿಸಿದವಳೂ ಅವಳೇ. ಅದಕ್ಕೂ ಹಿಂದೆ ಐಗುಪ್ತದಲ್ಲಿ ಇಟ್ಟಿಗೆ ಹೊರುತ್ತಿದ್ದ ಗುಲಾಮರ ಮೊರೆ ದೇವರ ಕಿವಿಗೆ ಬಿದ್ದು, ಫರೋಹನ ಮೇಲೆ ಬಂದ ತೀರ್ಪು ಅವರ ಪಾಲಿಗೆ ಬಿಡುಗಡೆಯಾಯಿತೆಂದು ವಿಮೋಚನಕಾಂಡ ಹೇಳುತ್ತದೆ.

ಕೀರ್ತನೆಗಳಲ್ಲಿ ಇದು ಹಾಡಾಗುತ್ತದೆ. 96 ಮತ್ತು 98ನೆಯ ಕೀರ್ತನೆಗಳಲ್ಲಿ ಸಮುದ್ರ ಗರ್ಜಿಸುತ್ತದೆ, ಹೊಲಗದ್ದೆಗಳು ಹಿಗ್ಗುತ್ತವೆ, ಕಾಡಿನ ಮರಗಳು ಹಾಡುತ್ತವೆ, ನದಿಗಳು ಚಪ್ಪಾಳೆ ತಟ್ಟುತ್ತವೆ. ಈ ಸಡಗರಕ್ಕೆಲ್ಲ ಕಾರಣ ಒಂದೇ: ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಿದ್ದಾನೆ. ಜಗತ್ತಿನಾದ್ಯಂತ ಕ್ರಿಸ್ಮಸ್ ಹಾಡೆಂದು ಹಾಡಲಾಗುವ ‘ಜಾಯ್ ಟು ದ ವರ್ಲ್ಡ್’ ಗೀತೆಯನ್ನು ಐಸಾಕ್ ವಾಟ್ಸ್ 1719ರಲ್ಲಿ ಬರೆದದ್ದು ಇದೇ 98ನೆಯ ಕೀರ್ತನೆಯನ್ನು ಆಧರಿಸಿ. ಗೋದಲಿಯ ಮುಂದೆ ಅದನ್ನು ಹಾಡುವವರಲ್ಲಿ ಹೆಚ್ಚಿನವರಿಗೆ ತಾವು ನ್ಯಾಯಾಧಿಪತಿಯ ಆಗಮನವನ್ನು ಹಾಡುತ್ತಿದ್ದೇವೆ ಎಂಬುದು ಹೊಳೆಯುವುದಿಲ್ಲ. ನದಿ ಮರಗಳು ತೀರ್ಪಿಗಾಗಿ ಏಕೆ ಹಿಗ್ಗಬೇಕು ಎಂದು ಕೇಳುವವರಿಗೆ ಬೈಬಲಿನ ಕೊನೆಯ ಪುಸ್ತಕದಲ್ಲಿ ಒಂದು ಸೂಚನೆ ಸಿಗುತ್ತದೆ. ಪ್ರಕಟನೆಯ 11ನೆಯ ಅಧ್ಯಾಯದ ಪ್ರಕಾರ ಆ ದಿನ ಶಿಕ್ಷೆಗೆ ಒಳಗಾಗುವವರಲ್ಲಿ ಭೂಮಿಯನ್ನು ಹಾಳುಮಾಡುವವರೂ ಸೇರಿದ್ದಾರೆ.

ಮೇಲಿನ ನ್ಯಾಯಾಲಯವೊಂದು ಬೇಕೇಬೇಕು ಎನಿಸುವುದು ಕೆಳಗಿನ ನ್ಯಾಯಾಲಯವೇ ಅಪರಾಧ ಮಾಡಿದಾಗ. ಅರಸರ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯದಲ್ಲಿರುವ ನಾಬೋತನ ಕಥೆ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಇಜ್ರೇಲಿನಲ್ಲಿ ಅರಮನೆಯ ಪಕ್ಕದಲ್ಲೇ ನಾಬೋತನ ದ್ರಾಕ್ಷಿತೋಟವಿತ್ತು. ಅರಸ ಅಹಾಬನಿಗೆ ಅದು ಕಾಯಿಪಲ್ಲೆ ತೋಟಕ್ಕೆ ಬೇಕಾಯಿತು. ಪಿತ್ರಾರ್ಜಿತವನ್ನು ಕೊಡಲಾರೆ ಎಂದು ನಾಬೋತ ಹೇಳಿದ. ರಾಣಿ ಈಜೆಬೆಲಳು ಅರಸನ ಹೆಸರಿನಲ್ಲಿ, ಅರಸನ ಮುದ್ರೆ ಒತ್ತಿ, ಊರ ಹಿರಿಯರಿಗೆ ಕಾಗದ ಬರೆದಳು. ಉಪವಾಸದ ದಿನವನ್ನು ಸಾರಲಾಯಿತು. ನಾಬೋತನನ್ನು ಸಭೆಯ ಎದುರು ಕೂರಿಸಲಾಯಿತು. ಅವನು ದೇವರನ್ನೂ ಅರಸನನ್ನೂ ದೂಷಿಸಿದನೆಂದು ಇಬ್ಬರು ನೀಚರು ಸಾಕ್ಷಿ ನುಡಿದರು. ಇಬ್ಬರು ಸಾಕ್ಷಿಗಳು ಬೇಕೆಂಬ ಧರ್ಮಶಾಸ್ತ್ರದ ನಿಯಮವೂ ಪಾಲನೆಯಾಯಿತು. ಜನ ಅವನನ್ನು ಕಲ್ಲೆಸೆದು ಕೊಂದರು. ಕಡತದಲ್ಲಿ ಒಂದು ಲೋಪವೂ ಇಲ್ಲ. ಹಿರಿಯರು ಬಾಯಿ ಬಿಡುವುದಿಲ್ಲ, ಅರಸನ ಮೇಲೆ ದೂರು ಕೊಡಲು ಮತ್ತೊಬ್ಬ ಅರಸನಿಲ್ಲ. ತೋಟವನ್ನು ವಶಪಡಿಸಿಕೊಳ್ಳಲು ಅಹಾಬ ಹೋದಾಗ ಪ್ರವಾದಿ ಎಲೀಯ ಅಲ್ಲೇ ಅವನಿಗೆ ಎದುರಾಗುತ್ತಾನೆ, ಅವನು ಮಾಡಿದ್ದನ್ನು ಕೊಲೆಯೆಂದೂ ಕಳವೆಂದೂ ಕರೆಯುತ್ತಾನೆ. ನಾಬೋತನ ಮನೆಯವರ ಪಾಲಿಗೆ ಆ ಮಾತು ಎಷ್ಟು ದೊಡ್ಡದೆಂದು ಊಹಿಸಬಹುದು. ಸತ್ತವನು ಎದ್ದುಬರಲಿಲ್ಲ, ಆದರೆ ಅವನು ದೇವದೂಷಕನೆಂಬ ಸುಳ್ಳು ಕೊನೆಯ ಮಾತಾಗಿ ಉಳಿಯಲಿಲ್ಲ. ಅದೇ ಅಧ್ಯಾಯದ ಕೊನೆಗೆ ಅಹಾಬ ಗೋಣಿತಟ್ಟು ಉಟ್ಟು ತಗ್ಗಿ ನಡೆದಾಗ ದೇವರು ಶಿಕ್ಷೆಯನ್ನು ಮುಂದೂಡುತ್ತಾನೆ. ತೀರ್ಪಿನ ಗುರಿ ಬರಿಯ ನಾಶವಾಗಿದ್ದರೆ ಈ ಕೊನೆಯ ಭಾಗಕ್ಕೆ ಅರ್ಥವಿರುತ್ತಿರಲಿಲ್ಲ.

ಪ್ರವಾದಿಗಳು ಈ ಭರವಸೆಯನ್ನು ಕೇಳುಗರ ಕಡೆಗೇ ತಿರುಗಿಸಿದರು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ನಡುಭಾಗದಲ್ಲಿ, ಎರಡನೆಯ ಯಾರೊಬ್ಬಾಮನ ಆಳ್ವಿಕೆಯಲ್ಲಿ, ಉತ್ತರದ ಇಸ್ರಾಯೇಲ್ ರಾಜ್ಯ ಸಿರಿಯಲ್ಲಿತ್ತು. ಅಲ್ಲಿನ ಜನ ಕರ್ತನ ದಿನಕ್ಕಾಗಿ ಆಸೆಯಿಂದ ಕಾಯುತ್ತಿದ್ದರು. ಅಂದು ತಮ್ಮ ಶತ್ರುಗಳಿಗೆ ತಕ್ಕ ಶಾಸ್ತಿಯಾಗುತ್ತದೆಂದು ನಂಬಿದ್ದರು. ದಕ್ಷಿಣದ ತೆಕೋವದಿಂದ ಬಂದ ಕುರಿಗಾಹಿ ಆಮೋಸ ಅವರಿಗೆ ಹೇಳಿದ್ದು ಬೇರೆ. ತಕ್ಕಡಿಯಲ್ಲಿ ಮೋಸ ಮಾಡುವವರಿಗೆ, ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರುವವರಿಗೆ ಆ ದಿನ ಕತ್ತಲಾಗಿ ಬರುತ್ತದೆ ಎಂದ. ಬೇತೇಲಿನ ಯಾಜಕ ಅಮಚ್ಯ ಅವನನ್ನು ಊರಿಂದ ಓಡಿಸಲು ನೋಡಿದ. ತೀರ್ಪು ನನಗೆ ಒಳ್ಳೆಯದು, ಎದುರಿನವನಿಗಷ್ಟೇ ಕೆಟ್ಟದ್ದು ಎಂಬ ನೆಮ್ಮದಿಯನ್ನು ಬೈಬಲ್ ತನ್ನ ಜನಕ್ಕೆ ಎಲ್ಲೂ ಕೊಡುವುದಿಲ್ಲ. ಪೇತ್ರನ ಮೊದಲನೆಯ ಪತ್ರ ಹೇಳುವಂತೆ ತೀರ್ಪು ಆರಂಭವಾಗುವುದೇ ದೇವರ ಮನೆಯಿಂದ.

ಫಿರ್ಯಾದಿಯೂ ಆರೋಪಿಯೂ

ಬ್ರಿಟಿಷ್ ಲೇಖಕ ಸಿ. ಎಸ್. ಲೂಯಿಸ್ 1958ರಲ್ಲಿ ಕೀರ್ತನೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಉಪಯುಕ್ತ ವ್ಯತ್ಯಾಸವನ್ನು ಗುರುತಿಸಿದ. ಕ್ರೈಸ್ತರು ದೇವರ ನ್ಯಾಯಾಲಯವನ್ನು ಊಹಿಸಿಕೊಳ್ಳುವಾಗ ಅದನ್ನು ಕ್ರಿಮಿನಲ್ ಮೊಕದ್ದಮೆಯೆಂದು ತಿಳಿದು ಆರೋಪಿಯ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಳ್ಳುತ್ತಾರೆ. ಕೀರ್ತನೆಗಾರರು ಅದನ್ನು ಸಿವಿಲ್ ದಾವೆಯೆಂದು ತಿಳಿದು ತಾವೇ ಫಿರ್ಯಾದಿಗಳಾಗಿ ನಿಲ್ಲುತ್ತಾರೆ. ಆರೋಪಿಗೆ ಬೇಕಾದದ್ದು ಕ್ಷಮೆ. ಫಿರ್ಯಾದಿಗೆ ಬೇಕಾದದ್ದು ತನ್ನ ಕೇಸು ಒಮ್ಮೆ ವಿಚಾರಣೆಗೆ ಬರುವುದು. ಲಂಚ ಕೊಡಲಾಗದ ಬಡವನ ಪಾಲಿಗೆ ವಿಚಾರಣೆಯ ದಿನ ಗೊತ್ತಾಗುವುದೇ ಅರ್ಧ ಗೆಲುವು.

ಲೂಯಿಸನ ಮಾತಿಗೆ ಸುವಾರ್ತೆಗಳಲ್ಲೇ ಆಧಾರವಿದೆ. ಲೂಕನ 18ನೆಯ ಅಧ್ಯಾಯದಲ್ಲಿ ಯೇಸು ಒಬ್ಬ ವಿಧವೆಯ ಸಾಮ್ಯವನ್ನು ಹೇಳುತ್ತಾನೆ. ದೇವರಿಗೂ ಹೆದರದ, ಜನರಿಗೂ ಅಂಜದ ನ್ಯಾಯಾಧಿಪತಿಯ ಬಳಿ ಅವಳು ದಿನವೂ ಹೋಗುತ್ತಾಳೆ. ಕಾಟ ತಾಳಲಾರದೆ ಕೊನೆಗೆ ಅವನು ನ್ಯಾಯ ಕೊಡುತ್ತಾನೆ. ಅಂಥವನೇ ಕೊಡುವುದಾದರೆ ಹಗಲಿರುಳು ಕೂಗುವವರಿಗೆ ದೇವರು ತಡಮಾಡುವನೇ ಎಂಬುದು ಯೇಸುವಿನ ವಾದ. ಇಲ್ಲಿ ಪ್ರಾರ್ಥಿಸುವವಳು ತೀರ್ಪಿಗೆ ಹೆದರಿ ಅಡಗಿಲ್ಲ. ತೀರ್ಪು ಕೊಡು ಎಂದು ಬಾಗಿಲು ಬಡಿಯುತ್ತಿದ್ದಾಳೆ. ಅದೇ ಅಧ್ಯಾಯದಲ್ಲಿ, ಇದರ ಬೆನ್ನಿಗೇ, ದೂರ ನಿಂತು ಎದೆ ಬಡಿದುಕೊಂಡು ಕರುಣೆ ಬೇಡುವ ಸುಂಕದವನ ಸಾಮ್ಯ ಬರುತ್ತದೆ. ಫಿರ್ಯಾದಿಯ ಪಕ್ಕದಲ್ಲೇ ಆರೋಪಿಯನ್ನು ಲೂಕ ನಿಲ್ಲಿಸಿದ್ದಾನೆ. ಒಬ್ಬನೇ ಮನುಷ್ಯ ಒಂದು ವಿಷಯದಲ್ಲಿ ವಿಧವೆಯ ಜಾಗದಲ್ಲೂ ಇನ್ನೊಂದರಲ್ಲಿ ಸುಂಕದವನ ಜಾಗದಲ್ಲೂ ಇರಬಹುದು, ಬಹುತೇಕ ಇರುತ್ತಾನೆ.

ತೀರ್ಪಿಗೆ ಒಳಗಾದ ನ್ಯಾಯಾಧಿಪತಿ

ಯೇಸುವಿನ ಮರಣ ಒಂದು ನ್ಯಾಯಾಲಯದ ಆದೇಶ. ಸುಳ್ಳುಸಾಕ್ಷಿಗಳು, ಅವಸರದ ವಿಚಾರಣೆ, ಗುಂಪಿಗೆ ಹೆದರಿದ ರಾಜ್ಯಪಾಲ ಎಲ್ಲವೂ ಅಲ್ಲಿವೆ. ರೋಮ್ ಸಾಮ್ರಾಜ್ಯದ ಪರವಾಗಿ ಪೊಂತ್ಯ ಪಿಲಾತ ಕೊಟ್ಟ ತೀರ್ಪನ್ನು ದೇವರು ರದ್ದುಪಡಿಸಿದ್ದೇ ಪುನರುತ್ಥಾನ ಎಂದು ಮೊದಲ ಪೀಳಿಗೆಯ ಕ್ರೈಸ್ತರು ಸಾರಿದರು. ಅಥೆನ್ಸಿನ ಅರಿಯೊಪಾಗದಲ್ಲಿ ಪೌಲ ಮಾಡಿದ ಭಾಷಣದ ಕೊನೆಯಲ್ಲಿ ಇದೇ ತರ್ಕವಿದೆ: ಲೋಕಕ್ಕೆ ನ್ಯಾಯತೀರಿಸುವ ದಿನವನ್ನು ದೇವರು ಗೊತ್ತುಮಾಡಿದ್ದಾನೆ, ಅದಕ್ಕೆ ನೇಮಿಸಿದವನನ್ನು ಸತ್ತವರೊಳಗಿಂದ ಎಬ್ಬಿಸಿ ಗುರುತು ಹಿಡಿಯುವಂತೆ ಮಾಡಿದ್ದಾನೆ. ಅಂದರೆ ಕೊನೆಯ ನ್ಯಾಯಾಸನದ ಮೇಲೆ ಕೂರುವವನು ನಾಬೋತನ ಸಾಲಿಗೆ ಸೇರಿದವನು. ಅನ್ಯಾಯದ ತೀರ್ಪು ಮೈಮೇಲೆ ಬಿದ್ದರೆ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಪೀಡಿತರಿಗೆ ಇದು ನೆಮ್ಮದಿ. ತಪ್ಪಿತಸ್ಥರಿಗೂ ನೆಮ್ಮದಿ ಹೇಗೆ ಎಂಬುದನ್ನು ಪೌಲ ರೋಮನ್ನರಿಗೆ ಬರೆದ ಪತ್ರದಲ್ಲಿ ಬಿಡಿಸಿ ಹೇಳುತ್ತಾನೆ. ಎಲ್ಲರೂ ತಪ್ಪಿತಸ್ಥರೆಂದು ಮೊದಲ ಅಧ್ಯಾಯಗಳಲ್ಲಿ ಸ್ಥಾಪಿಸಿದ ಅವನೇ ಎಂಟನೆಯ ಅಧ್ಯಾಯದಲ್ಲಿ, ಕ್ರಿಸ್ತನಲ್ಲಿರುವವರ ಮೇಲೆ ಅಪರಾಧ ಹೊರಿಸುವವರು ಯಾರೂ ಇಲ್ಲವೆನ್ನುತ್ತಾನೆ. ತೀರ್ಪು ಕೊಡಬೇಕಾದವನೇ ಅವರಿಗಾಗಿ ಸತ್ತವನು, ಅವರ ಪರವಾಗಿ ವಾದಿಸುವವನು. ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ 1953ರಲ್ಲಿ ಪ್ರಕಟವಾದ ತನ್ನ ‘ಚರ್ಚ್ ಡಾಗ್ಮ್ಯಾಟಿಕ್ಸ್’ ಗ್ರಂಥದ ಸಂಪುಟದಲ್ಲಿ ಇದನ್ನೇ ನಡುಗಂಬವಾಗಿಸಿಕೊಂಡ: ನಮ್ಮ ಜಾಗದಲ್ಲಿ ನಿಂತು ತಾನೇ ತೀರ್ಪಿಗೆ ಒಳಗಾದ ನ್ಯಾಯಾಧಿಪತಿ ಕ್ರಿಸ್ತ. ಯೋಹಾನನ ಸುವಾರ್ತೆಯಲ್ಲಂತೂ ತೀರ್ಪು ಕೊನೆಯ ದಿನದವರೆಗೆ ಕಾಯುವುದಿಲ್ಲ. ನಂಬುವವನು ಆಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ.

ಈ ಅರಿವು ಒಬ್ಬ ವ್ಯಕ್ತಿಯ ಬದುಕನ್ನು ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ಮಾರ್ಟಿನ್ ಲೂಥರ್ (1483–1546) ಪ್ರಸಿದ್ಧ ಉದಾಹರಣೆ. ಅವನ ಎಳವೆಯಲ್ಲಿ ಕಾಮನಬಿಲ್ಲಿನ ಮೇಲೆ ಕುಳಿತ ನ್ಯಾಯಾಧಿಪತಿ ಕ್ರಿಸ್ತನ ಚಿತ್ರ ಜರ್ಮನ್ ನಾಡಿನ ದೇವಾಲಯಗಳಲ್ಲಿ ಸಾಮಾನ್ಯವಾಗಿತ್ತು. ಆ ರೂಪ ತನ್ನನ್ನು ಹೆದರಿಸುತ್ತಿತ್ತೆಂದು ಅವನು ಹಲವು ಬಾರಿ ನೆನೆದಿದ್ದಾನೆ. ದೇವರ ನೀತಿ ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದೆನೆಂದು ತನ್ನ ಬರಹಗಳ ಸಂಪುಟಕ್ಕೆ 1545ರಲ್ಲಿ ಕೊಟ್ಟ ಮುನ್ನುಡಿಯಲ್ಲಿ ಬರೆದ. ಆ ನೀತಿ ಪಾಪಿಯನ್ನು ಶಿಕ್ಷಿಸುವ ಅಳತೆಗೋಲಷ್ಟೇ ಎಂದುಕೊಂಡಿದ್ದವನಿಗೆ, ನಂಬುವವನಿಗೆ ಕೊಡುಗೆಯಾಗಿ ದೊರೆಯುವ ನೀತಿಯೂ ಅದೇ ಎಂದು ರೋಮನ್ನರ ಪತ್ರದ ಓದಿನಲ್ಲಿ ಹೊಳೆಯಿತು. ಮುಂದೆ ಅವನು ಕೊನೆಯ ದಿನದ ಬಗ್ಗೆ ಅಕ್ಕರೆಯಿಂದ, ಬೇಗ ಬರಲೆಂದು ಹಾರೈಸುತ್ತಾ ಮಾತಾಡಿದ.

1563ರಲ್ಲಿ ಪಾಲಟಿನೇಟಿನ ದೊರೆ ಮೂರನೆಯ ಫ್ರೆಡರಿಕ್ ಹೊರಡಿಸಿದ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ಈ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಕೇಳಿದ ಪುಸ್ತಕ. ಅದರ 129 ಪ್ರಶ್ನೆಗಳಲ್ಲಿ 52ನೆಯದು, ಕ್ರಿಸ್ತನು ನ್ಯಾಯತೀರಿಸಲು ಬರುವುದರಿಂದ ನಿನಗೇನು ಸಮಾಧಾನ ಎಂದು ಕೇಳುತ್ತದೆ. ಭಯವೇನು ಎಂದು ಕೇಳದೆ ಸಮಾಧಾನವೇನು ಎಂದು ಕೇಳಿರುವುದನ್ನು ಗಮನಿಸಬೇಕು. ನನಗಾಗಿ ಮೊದಲೇ ದೇವರ ನ್ಯಾಯಾಸನದ ಮುಂದೆ ನಿಂತು ಶಾಪವನ್ನು ತೆಗೆದುಹಾಕಿದವನೇ ನ್ಯಾಯಾಧಿಪತಿಯಾಗಿ ಬರುವುದರಿಂದ, ಹಿಂಸೆಯ ನಡುವೆಯೂ ತಲೆಯೆತ್ತಿ ಕಾಯುತ್ತೇನೆ ಎಂಬುದು ಉತ್ತರದ ತಿರುಳು. ಕ್ರಿಸ್ತನ ಶತ್ರುಗಳು ಶಿಕ್ಷೆಗೆ ಒಳಗಾಗುವರೆಂಬ ಮಾತೂ ಆ ಉತ್ತರದಲ್ಲಿದೆ. ಬರೆದವರು ಧಾರ್ಮಿಕ ಯುದ್ಧಗಳ ಕಾಲದವರು.

ಪ್ರಕಟನೆ: ತೀರ್ಪಿಗೆ ಹಾಡಿದ ಹಲ್ಲೆಲೂಯಾ

ಪ್ರಕಟನೆಯ ಪುಸ್ತಕ ಬರೆದದ್ದು ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಣ್ಣ ಸಭೆಗಳಿಗೆ, ಹೆಚ್ಚಿನ ವಿದ್ವಾಂಸರ ಪ್ರಕಾರ ಚಕ್ರವರ್ತಿ ಡೊಮಿಷಿಯನ್‌ನ (81–96) ಕಾಲದಲ್ಲಿ. ಪೆರ್ಗಮದಲ್ಲಿ ಅಂತಿಪ ಎಂಬವನನ್ನು ಆಗಲೇ ಕೊಲ್ಲಲಾಗಿತ್ತು. ಆರನೆಯ ಅಧ್ಯಾಯದಲ್ಲಿ ಕೊಲೆಯಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ ಇನ್ನೆಷ್ಟು ಕಾಲ ಎಂದು ಮೊರೆಯಿಡುತ್ತವೆ. 18ನೆಯ ಅಧ್ಯಾಯ ಬಾಬೆಲ್ ಎಂಬ ಗುಪ್ತನಾಮದಲ್ಲಿ ರೋಮಿನ ಪತನವನ್ನು ಹಾಡುತ್ತದೆ. ಅಲ್ಲಿ ಅಳುವ ವರ್ತಕರ ಸರಕಿನ ಪಟ್ಟಿ ಬಹು ಉದ್ದ: ಬಂಗಾರ, ಮುತ್ತು, ನಾರುಮಡಿ, ದಂತ, ದಾಲ್ಚಿನ್ನಿ, ಎಣ್ಣೆ, ಗೋದಿ, ಕುರಿ, ಕುದುರೆ. ಎಲ್ಲದರ ಕೊನೆಗೆ ಮನುಷ್ಯರು. ಸಾಮ್ರಾಜ್ಯದ ಲೆಕ್ಕದಲ್ಲಿ ಕುದುರೆಯ ನಂತರ ಬರುವ ಸರಕಾಗಿದ್ದವರಿಗೆ ಆ ಪೇಟೆ ಮುಚ್ಚಿತೆಂಬ ಸುದ್ದಿ ಹೇಗೆ ಕೇಳಿಸಿದ್ದೀತು ಎಂಬುದನ್ನು ಯೋಚಿಸದೆ ಈ ಅಧ್ಯಾಯವನ್ನು ಕ್ರೂರವೆಂದು ತಳ್ಳಿಹಾಕುವುದು ಸಲ್ಲದು. ಹಲ್ಲೆಲೂಯಾ ಎಂಬ ಉದ್ಗಾರ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ. ಇದರ ಮರು ಅಧ್ಯಾಯದಲ್ಲಿ, ಬಾಬೆಲಿನ ಮೇಲಿನ ತೀರ್ಪನ್ನು ಕೇಳಿದವರ ಬಾಯಲ್ಲಿ, ನಾಲ್ಕು ಸಲ. ಪುಸ್ತಕ ಮುಗಿಯುವುದು ಹೊಸ ಯೆರೂಸಲೇಮಿನಲ್ಲಿ; ಅಲ್ಲಿನ ಮರದ ಎಲೆಗಳು ಜನಾಂಗಗಳ ಗಾಯ ಮಾಯಿಸಲು ಬೆಳೆದವು.

ಗುಲಾಮಗಿರಿಯ ಕಾಲದ ಸಾಕ್ಷಿ

ಬೈಬಲಿನ ತೀರ್ಪಿನ, ಬಿಡುಗಡೆಯ ಅಧ್ಯಾಯಗಳು ಯಾರಿಗೆ ಅಪಾಯಕಾರಿ ಎಂಬುದು ಒಡೆಯರಿಗೆ ಚೆನ್ನಾಗಿ ಗೊತ್ತಿತ್ತು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಆಯ್ದ ಭಾಗಗಳ ಬೈಬಲೊಂದನ್ನು ಅಚ್ಚುಹಾಕಲಾಯಿತು. ಯೋಸೇಫನು ಗುಲಾಮನಾಗಿ ದುಡಿದ ಕಥೆ ಅದರಲ್ಲಿದೆ. ಇಸ್ರಾಯೇಲ್ಯರು ಐಗುಪ್ತದಿಂದ ಬಿಡುಗಡೆಯಾದ ಕಥೆ ಇಲ್ಲ. ಬಿಟ್ಟುಹೋದ ಆ ಭಾಗವನ್ನೇ ಅಮೆರಿಕದ ಕಪ್ಪು ಜನರು ಹಾಡುಗಳಲ್ಲಿ ಬಾಯಿಂದ ಬಾಯಿಗೆ ಸಾಗಿಸಿದರು. ಬಾಸ್ಟನ್ನಿನ ಡೇವಿಡ್ ವಾಕರ್ 1829ರಲ್ಲಿ ಹೊರತಂದ ಕರಪತ್ರದಲ್ಲಿ, ನ್ಯಾಯವಂತ ದೇವರು ಗುಲಾಮಗಿರಿಯನ್ನು ನೋಡುತ್ತಾ ಕೂರುವುದಿಲ್ಲವೆಂದು ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟ. ಸ್ವತಃ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್ ತನ್ನ 1845ರ ಆತ್ಮಕಥೆಯ ಅನುಬಂಧದಲ್ಲಿ ಕ್ರಿಸ್ತನ ಧರ್ಮ ಬೇರೆ, ಗುಲಾಮರ ಒಡೆಯರ ಧರ್ಮ ಬೇರೆ ಎಂದು ಬೇರ್ಪಡಿಸಿದ. ಪ್ರವಾದಿಗಳ ತೀರ್ಪಿನ ಮಾತುಗಳನ್ನೇ ಸಭೆಯ ಮೇಲೆ ತಿರುಗಿಸಿದ.

1865ರ ಮಾರ್ಚ್ 4ರಂದು ಅಬ್ರಹಾಂ ಲಿಂಕನ್ ಮಾಡಿದ ಎರಡನೆಯ ಪದಗ್ರಹಣ ಭಾಷಣ ಈ ವಿಷಯದಲ್ಲಿ ಅಪರೂಪದ್ದು. ಗೆಲ್ಲುತ್ತಿರುವ ಪಕ್ಷದ ನಾಯಕ ಅವನು. ಆದರೂ ಅಮೆರಿಕದ ಅಂತರ್ಯುದ್ಧವನ್ನು ದಕ್ಷಿಣದವರಿಗಷ್ಟೇ ಬಿದ್ದ ಶಿಕ್ಷೆ ಎನ್ನಲಿಲ್ಲ. ಇನ್ನೂರೈವತ್ತು ವರ್ಷ ಕೂಲಿಯಿಲ್ಲದೆ ದುಡಿಸಿಕೊಂಡದ್ದಕ್ಕೆ ಉತ್ತರ ದಕ್ಷಿಣ ಎರಡೂ ಹೊಣೆ, ಯುದ್ಧ ಎರಡರ ಮೇಲೂ ಬಂದ ತೀರ್ಪಿರಬಹುದು, ಹಾಗಿದ್ದರೂ ದೇವರ ತೀರ್ಪು ನ್ಯಾಯವಾದದ್ದೇ ಎಂದ. ಅಧಿಕಾರದಲ್ಲಿರುವವರು ತೀರ್ಪಿನ ಮಾತನ್ನು ಹೀಗೆ ತಮ್ಮನ್ನೂ ಸೇರಿಸಿಕೊಂಡು ಆಡಿದ ನಿದರ್ಶನಗಳು ಕಡಿಮೆ. ನೂರು ವರ್ಷ ಸಮೀಪಿಸಿದಾಗ, 1963ರ ವಾಷಿಂಗ್ಟನ್ ಭಾಷಣದಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ನ್ಯಾಯವು ಹೊಳೆಯಂತೆ ಹರಿಯಬೇಕೆಂಬ ಆಮೋಸನ ಆಶಯವನ್ನು ಮತ್ತೆ ಎತ್ತಿದ. ದಕ್ಷಿಣ ಆಫ್ರಿಕಾದಲ್ಲಿ 1985ರ ಕೈರೋಸ್ ದಸ್ತಾವೇಜು, ನ್ಯಾಯವಿಲ್ಲದ ರಾಜಿಯನ್ನು ಬೋಧಿಸುತ್ತಿದ್ದ ಸಭೆಗಳನ್ನು ತರಾಟೆಗೆ ತೆಗೆದುಕೊಂಡಿತು.

ಸೇಡನ್ನು ಬಿಟ್ಟುಕೊಡುವುದು

ತೀರ್ಪನ್ನು ನಂಬುವವರು ತಾವೇ ತೀರ್ಪು ಜಾರಿ ಮಾಡಲು ಹೊರಟರೆ? ಇತಿಹಾಸದಲ್ಲಿ ಹಾಗೆ ಆಗಿದೆ. ಕ್ರೂಸೇಡುಗಳೂ ಪಾಷಂಡಿಗಳನ್ನು ಸುಟ್ಟ ಚಿತೆಗಳೂ ಸಾಕ್ಷಿ. ಪೌಲನ ಬೋಧನೆ ಇದಕ್ಕೆ ನೇರ ವಿರುದ್ಧ. ರೋಮನ್ನರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಸೇಡು ದೇವರಿಗೆ ಬಿಟ್ಟದ್ದು ಎಂದು ಹೇಳಿ, ಆ ಕಾರಣಕ್ಕೇ ಶತ್ರುವಿಗೆ ಹಸಿವಾದರೆ ಊಟ ಬಡಿಸಿ ಎನ್ನುತ್ತಾನೆ. ಲೆಕ್ಕ ಚುಕ್ತಾ ಮಾಡುವವನು ಬೇರೊಬ್ಬನಿದ್ದಾನೆ ಎಂಬ ಭರವಸೆಯಿದ್ದವನ ಕೈ ಮಾತ್ರ ಕತ್ತಿಯನ್ನು ಕೆಳಗಿಡಬಲ್ಲದು ಎಂಬುದು ಇಲ್ಲಿನ ಒಳತರ್ಕ.

ಕ್ರೊಯೇಷಿಯಾ ಮೂಲದ ದೇವಶಾಸ್ತ್ರಜ್ಞ ಮಿರೋಸ್ಲಾವ್ ವೊಲ್ಫ್ 1996ರ ತನ್ನ ‘ಎಕ್ಸ್‌ಕ್ಲೂಷನ್ ಅಂಡ್ ಎಂಬ್ರೇಸ್’ ಕೃತಿಯಲ್ಲಿ ಈ ತರ್ಕವನ್ನು ಯುಗೊಸ್ಲಾವಿಯಾದ ಯುದ್ಧದ ಹಿನ್ನೆಲೆಯಲ್ಲಿ ಬೆಳೆಸಿದ. ದೇವರು ಯಾರಿಗೂ ತೀರ್ಪು ಕೊಡುವುದಿಲ್ಲವಾದ್ದರಿಂದ ನಾವೂ ಅಹಿಂಸೆಯಿಂದಿರಬೇಕು ಎಂಬ ವಾದ ನೆಮ್ಮದಿಯ ಬಡಾವಣೆಗಳಲ್ಲಿ ಹುಟ್ಟಬಹುದೇ ಹೊರತು, ಊರು ಸುಟ್ಟುಹೋದವರ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾದವರ ಮುಂದೆ ನಿಲ್ಲದು ಎಂದ. ದೇವರು ಅನ್ಯಾಯದ ಮೇಲೆ ಕೋಪಗೊಳ್ಳದಿದ್ದರೆ ಅವರ ಮುಂದೆ ಉಳಿಯುವುದು ಸ್ವಂತ ಸೇಡು, ಇಲ್ಲವೇ ಹತಾಶೆ.

ಶಾಪದ ಕೀರ್ತನೆಗಳ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಶತ್ರುಗಳ ಹಲ್ಲು ಮುರಿಯಲಿ ಎಂದು ಬೇಡುವ 58ನೆಯ ಕೀರ್ತನೆಯನ್ನು ಕ್ರೈಸ್ತರು ಪ್ರಾರ್ಥಿಸಬಹುದೇ? 1937ರ ಜುಲೈ 1ರಂದು ನಾಜಿ ಸರ್ಕಾರ ಪಾಲಕ ಮಾರ್ಟಿನ್ ನೀಮೋಲರನನ್ನು ಬಂಧಿಸಿತು. ಹತ್ತು ದಿನಗಳ ನಂತರ ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ ಇದೇ ಕೀರ್ತನೆಯ ಮೇಲೆ ಪ್ರಸಂಗ ಮಾಡಿದ. ನಿರ್ದೋಷಿಯೊಬ್ಬನೇ ಇದನ್ನು ಪ್ರಾರ್ಥಿಸಬಲ್ಲ, ಆ ನಿರ್ದೋಷಿ ಕ್ರಿಸ್ತ. ಇದರಲ್ಲಿ ಬೇಡಿದ ಶಿಕ್ಷೆ ಶಿಲುಬೆಯಲ್ಲಿ ಅವನ ಮೇಲೆಯೇ ಬಿತ್ತು. ಆದ್ದರಿಂದ ಅವನೊಂದಿಗೆ ಸೇರಿ ಮಾತ್ರ ನಾವು ಇದನ್ನು ನುಡಿಯಬಹುದು, ನುಡಿಯುತ್ತಾ ಶತ್ರುವನ್ನು ಕ್ಷಮಿಸಬೇಕು ಎಂಬುದು ಅವನ ವಿವರಣೆ. ಫಿರ್ಯಾದಿಯ ಕೂಗನ್ನೂ ಆರೋಪಿಯ ಕ್ಷಮೆಯನ್ನೂ ಒಂದೇ ಕಡೆ ಹಿಡಿದಿಟ್ಟ ಪ್ರಸಂಗಗಳಲ್ಲಿ ಇದಕ್ಕೆ ಸಾಟಿಯಾದದ್ದು ವಿರಳ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗಿನಲ್ಲಿ ಬಾನ್‌ಹಾಫರನನ್ನು ಗಲ್ಲಿಗೇರಿಸಲಾಯಿತು. ಕಥೋಲಿಕ ಧರ್ಮಸಭೆ 1971ರಲ್ಲಿ ದೈನಂದಿನ ಪ್ರಾರ್ಥನಾವಿಧಿಯನ್ನು ಪರಿಷ್ಕರಿಸಿದಾಗ 58, 83 ಮತ್ತು 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ಆ ನಿರ್ಧಾರವನ್ನು ಪ್ರಶ್ನಿಸುವ ವಿದ್ವಾಂಸರು ಇದ್ದಾರೆ. ಕೋಪವನ್ನು ದೇವರ ಮುಂದೆ ಆಡಲು ಮಾತೇ ಇಲ್ಲದಂತಾದರೆ ಪೀಡಿತರ ಕೋಪ ಬೇರೆ ದಾರಿ ಹುಡುಕುತ್ತದೆ ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ.

ಭಯದ ಶತಮಾನಗಳು

ಹನ್ನೆರಡನೆಯ ಶತಮಾನದಿಂದ ಪಶ್ಚಿಮ ಯೂರೋಪಿನಲ್ಲಿ ಕಟಕಟೆಯ ಚಿತ್ರವೇ ಮೇಲುಗೈ ಪಡೆಯಿತು. ಫ್ರಾನ್ಸಿನ ಓತನ್ ದೇವಾಲಯದ ಬಾಗಿಲ ಮೇಲೆ ಸುಮಾರು 1130ರಲ್ಲಿ ಕೆತ್ತಿದ ಶಿಲ್ಪದಲ್ಲಿ ದೆವ್ವಗಳು ಆತ್ಮಗಳ ತಕ್ಕಡಿಯನ್ನು ಜಗ್ಗುತ್ತವೆ. ಹದಿಮೂರನೆಯ ಶತಮಾನದ ‘ಡೀಯೆಸ್ ಈರೇ’ ಎಂಬ ಲ್ಯಾಟಿನ್ ಗೀತೆ ಮೃತರ ಬಲಿಪೂಜೆಯ ಭಾಗವಾಗಿ ಶತಮಾನಗಳ ಕಾಲ ಉಳಿಯಿತು. ಮೊಜಾರ್ಟ್ 1791ರಲ್ಲಿ, ವೆರ್ದಿ 1874ರಲ್ಲಿ ಅದಕ್ಕೆ ಕೊಟ್ಟ ಸಂಗೀತದಿಂದ ಸಭೆಯ ಹೊರಗೂ ಪ್ರಸಿದ್ಧವಾಯಿತು. ಮೈಕೆಲಾಂಜೆಲೊ 1536ರಿಂದ 1541ರವರೆಗೆ ಸಿಸ್ಟೀನ್ ಪ್ರಾರ್ಥನಾಲಯದ ಗೋಡೆಯ ಮೇಲೆ ಬರೆದ ಚಿತ್ರದಲ್ಲಿ ಕ್ರಿಸ್ತನ ಎತ್ತಿದ ಕೈ ಇಡೀ ಜನಸಮೂಹವನ್ನು ತಿರುಗಿಸುವಂತಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಸುಧಾರಣೆಯಲ್ಲಿ ‘ಡೀಯೆಸ್ ಈರೇ’ಯನ್ನು ಮೃತರ ಪೂಜೆಯಿಂದ ತೆಗೆಯಲಾಯಿತು. ಭಯ ಮುಂದಾಗಿ ಪುನರುತ್ಥಾನದ ಭರವಸೆ ಹಿಂದೆ ಬೀಳುತ್ತದೆಂಬುದು ಸುಧಾರಕರ ಕಾರಣ.

ಟೀಕೆಗಳೂ ಭಿನ್ನಮತಗಳೂ

ಹೊರಗಿನ ಟೀಕಾಕಾರರಲ್ಲಿ ತೀಕ್ಷ್ಣನಾದವನು ಜರ್ಮನ್ ತತ್ತ್ವಜ್ಞಾನಿ ನೀತ್ಶೆ. 1887ರ ತನ್ನ ‘ನೀತಿಯ ವಂಶಾವಳಿ’ಯಲ್ಲಿ, ಕೊನೆಯ ತೀರ್ಪಿನ ನಂಬಿಕೆಯೆಂದರೆ ದುರ್ಬಲರ ಒಳಗುದಿ ಸೇಡಿನ ಕನಸಾಗಿ ವೇಷ ಹಾಕಿದ್ದು ಎಂದ, ಸಾಕ್ಷಿಯಾಗಿ ತೆರ್ತುಲ್ಲಿಯನನನ್ನು ಎಳೆದುತಂದ. ಎರಡು–ಮೂರನೆಯ ಶತಮಾನಗಳ ಈ ಆಫ್ರಿಕನ್ ಲೇಖಕ ಆಟಪ್ರದರ್ಶನಗಳ ಕುರಿತ ಕೃತಿಯ ಕೊನೆಯಲ್ಲಿ, ಹಿಂಸಕರು ಉರಿಯುವುದನ್ನು ನೋಡುವ ದಿನದ ಬಗ್ಗೆ ಉಲ್ಲಾಸದಿಂದ ಬರೆದದ್ದು ನಿಜ. ಅದನ್ನು ಸಮರ್ಥಿಸುವ ಅಗತ್ಯ ಕ್ರೈಸ್ತರಿಗಿಲ್ಲ. ಬೈಬಲಿನಲ್ಲೇ ಇದಕ್ಕೆ ಉತ್ತರವಿದೆ: ನಿನೆವೆ ಪಶ್ಚಾತ್ತಾಪಪಟ್ಟು ಉಳಿದಾಗ ಸಿಟ್ಟಾಗಿ ಕುಳಿತ ಯೋನನನ್ನು ದೇವರು ಗದರುತ್ತಾನೆ, ಆ ಊರಿನ ಲಕ್ಷಕ್ಕೂ ಮೀರಿದ ಜನರ ಜೊತೆ ದನಕರುಗಳನ್ನೂ ನೆನಪಿಸುತ್ತಾನೆ.

ಒಳಗಿನ ಭಿನ್ನಮತ ಮುಖ್ಯವಾಗಿ ಶಿಕ್ಷೆಯ ಸ್ವರೂಪದ ಬಗ್ಗೆ. ‘ದೇವರ ನಗರ’ದ ಕೊನೆಯ ಭಾಗಗಳಲ್ಲಿ ಅಗಸ್ಟೀನ್ ನಿತ್ಯಶಿಕ್ಷೆಯನ್ನು ಪ್ರತಿಪಾದಿಸಿದ, ಪಶ್ಚಿಮದಲ್ಲಿ ಅದೇ ಮುಖ್ಯಧಾರೆಯಾಯಿತು. ನಾಲ್ಕನೆಯ ಶತಮಾನದ ನೀಸದ ಗ್ರೆಗರಿ ಕೊನೆಗೆ ಎಲ್ಲರೂ ಗುಣವಾಗುವರೆಂದು ಹಾರೈಸಿದ. ಏಳನೆಯ ಶತಮಾನದ ಸಿರಿಯಾಕ್ ಸಂತ ನಿನೆವೆಯ ಐಸಾಕ್ ನರಕದ ನೋವೆಂದರೆ ಪ್ರೀತಿಗೆ ದ್ರೋಹ ಮಾಡಿದ ಅರಿವಿನ ನೋವು ಎಂದ. ಕಥೋಲಿಕ ಬೋಧನೆಯಲ್ಲಿ ಪ್ರತಿಯೊಬ್ಬರ ಮರಣದ ಬಳಿಕದ ವೈಯಕ್ತಿಕ ತೀರ್ಪು, ಲೋಕಾಂತ್ಯದ ಸಾಮಾನ್ಯ ತೀರ್ಪು, ಇವುಗಳ ನಡುವೆ ಶುದ್ಧೀಕರಣ ಸ್ಥಳ ಇವೆ. ಸುಧಾರಣಾವಾದಿಗಳು ಶುದ್ಧೀಕರಣ ಸ್ಥಳವನ್ನು ತಿರಸ್ಕರಿಸಿದರು. 1988ರಲ್ಲಿ ಇಂಗ್ಲೆಂಡಿನ ಇವ್ಯಾಂಜೆಲಿಕಲ್ ನಾಯಕ ಜಾನ್ ಸ್ಟಾಟ್ ದುಷ್ಟರು ನಿತ್ಯಯಾತನೆಗೆ ಬದಲು ಇಲ್ಲವಾಗುವರೆಂಬ ಅಭಿಪ್ರಾಯದ ಕಡೆಗೆ ಹಿಂಜರಿಯುತ್ತಲೇ ವಾಲಿದಾಗ ದೊಡ್ಡ ಚರ್ಚೆಯೆದ್ದಿತು. ಜರ್ಮನಿಯ ಯುರ್ಗನ್ ಮೋಲ್ಟ್‌ಮನ್ ಇನ್ನೂ ಮುಂದೆ ಹೋಗಿ, ದೇವರ ನ್ಯಾಯ ಪೀಡಿತರನ್ನು ಎತ್ತಿ ನಿಲ್ಲಿಸುತ್ತದೆ, ಪೀಡಕರನ್ನು ಸರಿಪಡಿಸುತ್ತದೆ, ಕೊನೆಯ ಮಾತು ಹೊಸ ಸೃಷ್ಟಿಯದು ಎಂದು ವಾದಿಸಿದ.

ಪೋಪ್ ಹದಿನಾರನೆಯ ಬೆನೆಡಿಕ್ಟ್ 2007ರ ನವೆಂಬರ್ 30ರಂದು ಹೊರಡಿಸಿದ ‘ಸ್ಪೇ ಸಾಲ್ವಿ’ ಎಂಬ ಪರಿಪತ್ರ ತೀರ್ಪನ್ನು ಭರವಸೆಯನ್ನು ಕಲಿಯುವ ತಾಣಗಳಲ್ಲಿ ಒಂದೆಂದು ಕರೆಯಿತು. ಕೊಲೆಗಡುಕ ತನ್ನ ಬಲಿಯ ಮೇಲೆ ಕೊನೆಯವರೆಗೂ ಗೆದ್ದೇ ಉಳಿಯಬಾರದು ಎಂಬ ಹಂಬಲ ದೇವರನ್ನು ನಂಬದ ಹೋರ್ಕ್‌ಹೈಮರನಂಥ ಚಿಂತಕರಲ್ಲೂ ಇತ್ತು. ಬೆನೆಡಿಕ್ಟ್ ಅಂಥವರೊಡನೆಯೇ ಮಾತಿಗಿಳಿದು, ನಿತ್ಯಜೀವದ ಪರವಾದ ಅತ್ಯಂತ ಬಲವಾದ ವಾದ ನ್ಯಾಯದ ಪ್ರಶ್ನೆಯೇ ಎಂದ. ಕೃಪೆ ನ್ಯಾಯವನ್ನು ಅಳಿಸುವುದಿಲ್ಲ, ಕೊಂದವರು ಏನೂ ಆಗಿಲ್ಲವೆಂಬಂತೆ ಸತ್ತವರ ಪಂಕ್ತಿಯಲ್ಲಿ ಕೂರಲಾರರು ಎಂಬುದು ಅದರ ನಿಲುವು.

ಭಾರತದಲ್ಲಿ, ಆರಾಧನೆಯಲ್ಲಿ

1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಹಾಯಕರ ದುಡಿಮೆಯಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದಾಗ ನಾಬೋತನೂ ಆಮೋಸನೂ ಇಲ್ಲಿನ ಓದುಗರಿಗೆ ದೊರೆತರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರದ ಚರ್ಚೆ ಚಾಲನೆ ಪಡೆಯಿತು. ನಿರ್ಮಲ್ ಆಧಾರವಾಗಿ ಆರಿಸಿಕೊಂಡದ್ದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಅರಿಕೆ: ನೆಲೆಯಿಲ್ಲದ ಪೂರ್ವಜ, ದಬ್ಬಾಳಿಕೆ, ಮೊರೆ, ಮೊರೆ ಕೇಳಿದ ದೇವರು. ಕಟಕಟೆಯಲ್ಲಿ ತಲೆತಗ್ಗಿಸಿ ನಿಲ್ಲುವುದನ್ನಷ್ಟೇ ಕಲಿತಿದ್ದ ಸಭೆಗೆ ಫಿರ್ಯಾದಿಯ ಜಾಗವೂ ಇದೆಯೆಂದು ಈ ಚಿಂತನೆ ನೆನಪಿಸಿತು. ಸಭೆಯೊಳಗೇ ಜಾತಿಯನ್ನು ಉಳಿಸಿಕೊಂಡವರ ಮೇಲೆ ಆ ದೂರಿನ ಒಂದು ಭಾಗ ಇನ್ನೂ ಬಾಕಿಯಿದೆ.

1947ರಲ್ಲಿ ಒಂದಾದ ದಕ್ಷಿಣ ಭಾರತ ಸಭೆ 1950ರಲ್ಲಿ ರೂಪಿಸಿದ ಪ್ರಭುಭೋಜನದ ವಿಧಿಯಲ್ಲಿ, ಕ್ರಿಸ್ತನ ಮರಣವನ್ನು ಸ್ಮರಿಸಿ ಪುನರುತ್ಥಾನವನ್ನು ಒಪ್ಪಿ ಅವನ ಎರಡನೆಯ ಬರುವಿಕೆಗೆ ಕಾಯುತ್ತೇವೆಂದು ಸಭೆ ಒಟ್ಟಾಗಿ ನುಡಿಯುವ ಭಾಗವನ್ನು ಸಿರಿಯನ್ ಪರಂಪರೆಯಿಂದ ಪಡೆದು ಸೇರಿಸಿಕೊಂಡಿತು. ಆರ್ಥೊಡಾಕ್ಸ್ ಸಭೆಗಳು ಮಹಾ ಉಪವಾಸದ ಮುನ್ನ ಒಂದು ಭಾನುವಾರವನ್ನು ಕೊನೆಯ ತೀರ್ಪಿಗೇ ಮೀಸಲಿಡುತ್ತವೆ. ಕಥೋಲಿಕರು ಮೂರು ವರ್ಷಕ್ಕೊಮ್ಮೆ ಕ್ರಿಸ್ತರಾಜನ ಹಬ್ಬದಂದು ಅದೇ ಪಾಠವನ್ನು, ಮತ್ತಾಯನ 25ನೆಯ ಅಧ್ಯಾಯದ ಕುರಿ ಆಡುಗಳ ಸಾಮ್ಯವನ್ನು, ಓದುತ್ತಾರೆ. ಆ ಸಾಮ್ಯದಲ್ಲಿ ನ್ಯಾಯಾಧಿಪತಿ ಹಸಿದವರ, ಬತ್ತಲೆಯವರ, ಸೆರೆಯಲ್ಲಿರುವವರ ಜೊತೆ ತನ್ನನ್ನು ಗುರುತಿಸಿಕೊಳ್ಳುತ್ತಾನೆ. ಎಡಗಡೆಯವರಿಗೆ ಆಶ್ಚರ್ಯವಾಗುವುದು ಸಹಜ. ಬಲಗಡೆಯವರಿಗೂ ಅಷ್ಟೇ ಆಶ್ಚರ್ಯವಾಗುತ್ತದೆ. ಯಾರೂ ನೋಡಲಿಲ್ಲ, ಯಾರೂ ಬರೆದಿಡಲಿಲ್ಲ ಎಂದುಕೊಂಡಿದ್ದ, ತಾವೇ ಮರೆತಿದ್ದ ಉಪಕಾರಗಳನ್ನು ಒಂದೊಂದಾಗಿ ಹೆಸರಿಸಿ ಅವರಿಗೆ ಓದಿಹೇಳಲಾಗುತ್ತದೆ.